ಕಣದ ಪಾಲು

"ಬೂಟು! ಬೂಟು!" ಎಂದು ಮೂರು ಕಡೆಯಿಂದ ಕೂಗು ಬಿದ್ದಾಗ ಜಯಶೀಲ ಕಣದ ನಟ್ಟನಡುವೆ, ರಾಗಿರಾಶಿಗೆ ಒಂದು ಮಾರು ದೂರದಲ್ಲಿ ನಿಂತಿದ್ದ. ಕೈ ಮುಗಿದೇ ಇತ್ತು. ಮುಖದ ಮೇಲಿನ ನಗು ಮಾತ್ರ ಎಲ್ಲಿಗೆ ಹೋಗುವುದೆಂದು ತಿಳಿಯದೆ ಅಲ್ಲೇ ಉಳಿದಿತ್ತು. ಬೆಳಗ್ಗೆಯಷ್ಟೇ ಸಾರಿಸಿ ಒಣಗಿಸಿದ ಕಣದ ಮೇಲೆ ಅವನ ಬೂಟಿನ ಗುರುತು ಬದುವಿನಿಂದ ರಾಶಿಯವರೆಗೂ ಮೂಡಿತ್ತು.

"ಕಣ್ಣು ಕಾಣಾಕಿಲ್ವೇನ್ಲಾ ನಿನ್ಗ?" ಮರಿಮಲ್ಲಪ್ಪ ಕೈಯಲ್ಲಿದ್ದ ಪೊರಕೆ ಬಿಸಾಕಿ ಬಂದ. "ಓದ್ ವರ್ಸ ಮೆದೆಗ ಬೆಂಕಿ ಬಿದ್ದು ಒಂದು ಕಾಳೂ ಮನೆ ಸೇರ್ನಿಲ್ಲ. ಈ ವರ್ಸ ರಾಶಿ ಕಂಡೀವಿ, ಚರ್ಮ ಮೆಟ್ಕಂಡು ಬಂದ್ಬುಟ್ಟೆಯಲ್ಲ!"

ಜಯಶೀಲನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮೈಸೂರಿನ ಮಿಷನ್ನಿನವರು ಈ ಇಪ್ಪತ್ತೆರಡರ ಹುಡುಗನನ್ನು ಸುವಾರ್ತೆ ಸಾರಲು ಗುಂಡ್ಲುಪೇಟೆಗೆ ಕಳಿಸಿ ಆರು ತಿಂಗಳಾಗಿತ್ತು. ಸೈಕಲ್ಲಿನಲ್ಲಿ ಬೇಗೂರಿನ ಸುತ್ತಿನ ಹಳ್ಳಿಗಳನ್ನೆಲ್ಲ ತಿರುಗಿದ್ದ. ಹಿಂದಿನ ವರ್ಷವಷ್ಟೇ ಮೊದಲ ಸಲ ವೋಟು ಹಾಕಿದ್ದ ಜನ ಅವನ ಕೈಯ ಪುಸ್ತಿಕೆಗಳನ್ನು ಕಂಡೊಡನೆ "ಯಾವ ಗುರುತು?" ಎಂದು ಕೇಳುತ್ತಿದ್ದರು. ಗುರುತಿಲ್ಲ, ದೇವರ ವಾಕ್ಯ ಎಂದರೆ, "ಸರಿ, ವೋಟು ಯಾರ್ಗ ಆಕ್ಬೇಕು ಅದ್ನೇಳು" ಎನ್ನುತ್ತಿದ್ದರು. ಈ ಊರಿನಲ್ಲಿ ಅವನನ್ನು ಜಗಲಿಗೆ ಕರೆದು ಮಜ್ಜಿಗೆ ಕೊಟ್ಟ ಮನೆ ಮರಿಮಲ್ಲಪ್ಪನದೊಂದೇ. ಇವತ್ತು ಆ ಬಾಗಿಲನ್ನೂ ಅವನೇ ಕೈಯಾರೆ ಮುಚ್ಚಿಕೊಂಡಿದ್ದ.

"ಅರಚ್ಬ್ಯಾಡ ಮಲ್ಲ." ಹುಣಸೆಮರದ ನೆರಳಲ್ಲಿ ರಾಗಿ ಕೇರುತ್ತಿದ್ದ ರಾಚಮ್ಮ ಎದ್ದು ಬಂದಳು. ಮರಿಮಲ್ಲಪ್ಪನ ತಾಯಿ, ಎಪ್ಪತ್ತು ದಾಟಿದ್ದರೂ ಆ ಮನೆಯಲ್ಲಿ ಕೊನೆಯ ಮಾತು ಅವಳದೇ. "ಗೊತ್ತಿದ್ದು ಮಾಡುದ್ನಾ? ಪ್ಯಾಟ ಹೈದ. ರಾಶಿ ಮ್ಯಾಲ ಬೆನಕನ್ನ ಇನ್ನೂ ಮಡಗಿಲ್ಲ, ಏನೂ ಕೆಟ್ಟಿಲ್ಲ. ಪಾದ್ರಪ್ಪಾ, ಬೂಟು ಬುಟ್ಟು ಬಾ. ತುಳ್ದೋನೇ ಸಾರುಸ್ಲಿ."

ಅವನು ಬೂಟು ಬಿಚ್ಚಿ ಬದುವಿನಾಚೆ ಇಟ್ಟು ಬಂದ. ಸಗಣಿ ಬಗ್ಗಡದ ಮಡಕೆ ಮುಂದೆ ಬಂತು. ಹುಟ್ಟಿದ ಲಾಗಾಯ್ತು ಸಗಣಿಗೆ ಕೈಯಿಕ್ಕದ ಜಯಶೀಲ ಮೊಳಕಾಲೂರಿ ತನ್ನ ಹೆಜ್ಜೆಯನ್ನು ತಾನೇ ಒಂದೊಂದಾಗಿ ಅಳಿಸತೊಡಗಿದ. ರಾಶಿ ಹೊರಲು ಬಂದಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

"ಗ್ವಾಡಗ ಸುಣ್ಣ ಬಳ್ದಂಗ ಬಳೀತಿಯಲ್ಲಪ್ಪ," ಎಂದು ರಾಚಮ್ಮ ಪಕ್ಕದಲ್ಲೇ ಕೂತು ಅವನ ಮಣಿಕಟ್ಟು ಹಿಡಿದಳು. "ಅಂಗೈ ಅಗ್ಲ ಮಾಡು. ಬಿಲ್ಲಿನಂಗ ಎಳಿ. ಆ... ಅಂಗೆ!" ಅವಳ ಕೈ ಒರಟಾಗಿತ್ತು, ಬೆಚ್ಚಗಿತ್ತು. ಕ್ರಿಸ್ತನ ಸೇವೆಗೆಂದು ಬಂದವನಿಗೆ ಸೇವೆಯ ಮೊದಲ ಪಾಠ ಸಗಣಿಯಲ್ಲಿ ಆಗುತ್ತಿತ್ತು.

ಅವನು ಕೊನೆಯ ಹೆಜ್ಜೆ ಸಾರಿಸಿ ಕೈ ತೊಳೆಯುವ ಹೊತ್ತಿಗೆ ಮರಿಮಲ್ಲಪ್ಪ ರಾಶಿಯ ನೆತ್ತಿಯ ಮೇಲೆ ಗರಿಕೆ ಸಿಕ್ಕಿಸಿದ ಸಗಣಿಯ ಬೆನಕನನ್ನಿಟ್ಟು ಕರ್ಪೂರ ಹಚ್ಚಿದ್ದ. ಕಾಯಿ ಒಡೆಯಿತು. ಆಮೇಲೆ ಮೊರ ತುಂಬಿ ಹಂಚುವುದು ಶುರುವಾಯಿತು. ರಾಶಿಯ ದಿನ ಕಣಕ್ಕೆ ಬಂದವರನ್ನು ಬರಿಗೈಲಿ ಕಳಿಸುವ ಪದ್ಧತಿ ಇರಲಿಲ್ಲ. ಮಡಿವಾಳನಿಗಾಯಿತು, ಕುಲುಮೆಯವನಿಗಾಯಿತು, ದಾರಿಹೋಕ ದಾಸಯ್ಯನಿಗೂ ಆಯಿತು.

ಇನ್ನು ಜಯಶೀಲನ ಸರದಿ. ಅನ್ಯದೇವರಿಗೆ ಅರ್ಪಿಸಿದ್ದನ್ನು ಮುಟ್ಟುವುದಿಲ್ಲವೆಂದು ಮೈಸೂರಿನ ಹಿರಿಯ ಅಯ್ಯನವರ ಮುಂದೆ, ಬೈಬಲ್ಲಿನ ಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದ. ಗೌರಿಹಬ್ಬದಲ್ಲಿ ಇದೇ ರಾಚಮ್ಮ ಕೊಟ್ಟ ಕಾಯಿಚೂರನ್ನು ಬೇಡವೆಂದು, ಆಮೇಲೆ ವಾರವೆಲ್ಲ ನಾಚಿಕೊಂಡಿದ್ದ. ಈಗ ಬೇಡವೆಂದರೆ ಕ್ಷಮಿಸಿದವರ ಮುಖಕ್ಕೇ ಹೊಡೆದಂತೆ. ತೆಗೆದುಕೊಂಡರೆ ಕೊಟ್ಟ ಮಾತು ಮುರಿದಂತೆ. ಉಗುಳಲೂ ಆಗದ ನುಂಗಲೂ ಆಗದ ಬಿಸಿತುಪ್ಪ. ಮೆಲ್ಲಗೆ ಸೈಕಲ್ಲಿನ ಕಡೆ ಸರಿಯತೊಡಗಿದ.

"ಎತ್ತಗ ಹೊಂಟೆ? ನಿಲ್ಲು." ರಾಚಮ್ಮ ರಾಶಿಯ ಹತ್ತಿರ ಹೋಗಲಿಲ್ಲ. ಹುಣಸೆಬುಡಕ್ಕೆ ಹೋಗಿ, ಟವಲು ಮುಚ್ಚಿಟ್ಟಿದ್ದ ಮೊರವನ್ನು ಎತ್ತಿ ತಂದಳು. ಅದರ ತುಂಬ ಕೇರಿದ ರಾಗಿ.

"ಇದು ನಿಂದು. ಬೆನಕನ್ನ ಮಡಗಾಕ ಮುಂಚೇನೇ ತಗ್ದಿಟ್ಟೆ. ಪೂಜೆ ಸೋಕಿಲ್ಲ."

ಜಯಶೀಲ ರಾಶಿಯ ಮೇಲಿನ ಬೆನಕನನ್ನೂ ಅವಳ ಕೈಯ ಮೊರವನ್ನೂ ನೋಡಿದ.

"ಅವತ್ತು ಕಾಯಿಚೂರು ಕೊಟ್ಟಾಗ ನಿನ್ ಮೊಕ ನೋಡಿದ್ನಲ್ಲಪ್ಪ," ಎಂದಳು. "ಮೂವತ್ತು ವರ್ಸದಿಂದ ಸ್ವಾಮಾರ ಒಪ್ಪೊತ್ತು ಇರೋಳು ನಾನು. ನೇಮ ಅಂದ್ರ ಏನೂಂತ ನನ್ಗ ಗೊತ್ತಿಲ್ವಾ?"

"ಅವ್ವಾ!" ಮರಿಮಲ್ಲಪ್ಪನ ದನಿ ಒಡೆಯಿತು. "ದ್ಯಾವ್ರಿಗಿಂತ ಮುಂಚೆ ಎತ್ತುದ್ಯಾ? ನಮ್ಮಪ್ಪನ ಕಾಲ್ದಿಂದ್ಲೂ ಮೊದ್ಲ ಪಾಲು ಬೆನಕಂದು!"

"ಬೆನಕಂಗ ನಾನು ಹೇಳ್ಕಂಡಿವ್ನಿ ಬುಡು," ಎಂದಳು ರಾಚಮ್ಮ, ಮಗನ ಕಡೆ ತಿರುಗದೆ. ಮೊರವನ್ನು ಜಯಶೀಲನ ಮುಂದೆ ಚಾಚಿ ಹಿಡಿದಳು. ಒಬ್ಬರ ನೇಮ ಉಳಿಸಲು ತನ್ನ ನೇಮ ಮುರಿದುಕೊಂಡವರನ್ನು ಅವನು ಪುಸ್ತಕದಲ್ಲಿ ಓದಿದ್ದ, ಕಣ್ಣಾರೆ ಕಂಡಿರಲಿಲ್ಲ.

"ಚೀಲ ಹಿಡಿ. ಕೈ ನೋಯ್ತದ."

ಹೆಗಲ ಚೀಲದ ತುಂಬ ಪುಸ್ತಿಕೆಗಳಿದ್ದವು. ಅವನು ಒಂದು ಗಳಿಗೆ ನಿಂತ. ಆಮೇಲೆ ಎಲ್ಲವನ್ನೂ ತೆಗೆದು ಬದುವಿನ ಮೇಲೆ ಇಟ್ಟು, ಖಾಲಿ ಚೀಲದ ಬಾಯನ್ನು ಎರಡೂ ಕೈಯಿಂದ ಅಗಲಿಸಿ ಹಿಡಿದ. ರಾಗಿ ಸುರುಸುರು ಇಳಿಯಿತು. ರಾಶಿಯಲ್ಲಿ ಬಿಸಿಲುಂಡ ಕಾಳು, ಇನ್ನೂ ಬಿಸಿ ಆರಿರಲಿಲ್ಲ. ಚೀಲ ಹೆಗಲೇರಿದಾಗ ಬೆನ್ನು ಬೆಚ್ಚಗಾಯಿತು.

ಬೂಟನ್ನು ಕಾಲಿಗೆ ಹಾಕಿಕೊಳ್ಳುವ ಮನಸ್ಸಾಗಲಿಲ್ಲ. ಹ್ಯಾಂಡಲ್ಲಿಗೆ ಕಟ್ಟಿಕೊಂಡು ಬರಿಗಾಲಲ್ಲೇ ಸೈಕಲ್ ತಳ್ಳಿಕೊಂಡು ಹೊರಟ. ಹೊಲದ ತಿರುವಿನಲ್ಲಿ, ಪುಸ್ತಿಕೆಗಳನ್ನು ಅಲ್ಲೇ ಬಿಟ್ಟದ್ದು ನೆನಪಾಗಿ ಹಿಂತಿರುಗಿ ನೋಡಿದ.

ಸಂಜೆಗಾಳಿ ಎದ್ದಿತ್ತು. ಬದುವಿನ ಮೇಲೆ ಹಾಳೆಗಳು ಪಟಪಟ ಹೊಡೆದುಕೊಳ್ಳುತ್ತಿದ್ದವು. ಮರಿಮಲ್ಲಪ್ಪ ಏನೋ ಗೊಣಗುತ್ತ ಕಣದಿಂದ ಇಳಿದು ಬಂದ. ಆಚೀಚೆ ನೋಡಿ, ಬೊಗಸೆ ಗಾತ್ರದ ಒಂದು ಕಲ್ಲನ್ನು ಹುಡುಕಿ, ಪಂಚೆಯ ಅಂಚಿಗೆ ಅದರ ಮಣ್ಣು ಒರೆಸಿ, ಪುಸ್ತಿಕೆಗಳ ಮೇಲೆ ಹೇರಿಟ್ಟ.