ಕೆಂಪು ದಾರ ಕಟ್ಟಿದ ಗಿಡಗಳು

ಕುಂದಾಣದ ಬೀಜದ ಕಂಪನಿಯಲ್ಲಿ ಹೊಲದ ಮೇಲ್ವಿಚಾರಕನಾಗಿದ್ದ ಕೆಂಪರಾಜ್, ಹಾಕಿದ ಬೀಗವನ್ನು ಮೂರು ಸಲ ಎಳೆದು ನೋಡುವ ಪೈಕಿ. ಹೋದ ವರ್ಷ ಅವನೇ ಕೈಗವಸು ತೊಟ್ಟು ರಾಗಿ ಬೀಜವನ್ನು ರಾಸಾಯನಿಕದ ನೀರಿನಲ್ಲಿ ನೆನೆಹಾಕಿದ್ದ. ಆ ರಾಸಾಯನಿಕ ಬೀಜದೊಳಗಿನ ವಂಶವಾಹಿಗೆ ಅಲ್ಲಲ್ಲಿ ಅಂಟಿಕೊಳ್ಳುತ್ತದೆ. ಜೀವಕೋಶ ಅದನ್ನು ನಕಲು ಮಾಡಿಕೊಳ್ಳುವಾಗ ಅಂಟಿದ ಕಡೆ ತಪ್ಪುತ್ತದೆ. ಎಲ್ಲಿ ತಪ್ಪಬೇಕೆಂದು ಹೇಳುವವರಿಲ್ಲ. ಮೊದಲ ಬೆಳೆಯಲ್ಲಿ ಅಡಗಿದ್ದ ತಪ್ಪುಗಳು, ಅದರ ಬೀಜ ಬಿತ್ತಿದ ಈ ವರ್ಷ ಹೊರಬಿದ್ದವು. ನಾಲ್ಕು ಸಾವಿರ ಗಿಡಗಳಲ್ಲಿ ಹದಿನೇಳು ಬೇರೆ ಥರ. ಹದಿನಾರು ಬಿಳಿಚಿದವು, ಜೊಳ್ಳು, ಸೊಟ್ಟ. ಒಂಬತ್ತನೆಯ ನಂಬರಿನದು ಮಾತ್ರ ಚಿನ್ನ: ಮೊಣಕಾಲೆತ್ತರ, ಮುಷ್ಟಿಗಾತ್ರದ ತೆನೆ, ಗಾಳಿಮಳೆಗೆ ಮಲಗದ ಕಾಂಡ. ಅದನ್ನು ತೋರಿಸಲೆಂದೇ ನಿರ್ದೇಶಕ ಸುನಿಲ್‌ಕುಮಾರ್ ಮಂಗಳವಾರ ದೊಡ್ಡವರನ್ನು ಕರೆಸಿದ್ದರು.

ಮಂಗಳವಾರ ಬೆಳಿಗ್ಗೆ ಹೊಲ ಎಣ್ಣೆ ಹಚ್ಚಿ ಬಾಚಿದ ತಲೆಯ ಹಾಗಿತ್ತು. ಹದಿನೇಳರಲ್ಲಿ ಒಂದೂ ಇಲ್ಲ.

“ಬೆರಕೆ ಎಲ್ಲಾ ಕಿತ್ತಾಕ್ಬಿಟ್ಟೆ ಸಾ,” ಎಂದಳು ಕೂಲಿಯವರ ಮುಖಂಡಳು ದ್ಯಾವಮ್ಮ. “ದೊಡ್ಡೋರು ಬತ್ತಾರೆ ಅಂದ್ರಲ್ಲ.”

“ಯಾರಮ್ಮ ಕೀಳಕ್ಕೆ ಹೇಳಿದ್ದು?” ಎಂದ ಕೆಂಪರಾಜ್.

“ನೀವೇ ಕೆಂಪು ದಾರ ಕಟ್ಟಿದ್ರಲ್ಲ.”

ಪಕ್ಕದ ಬಿತ್ತನೆಬೀಜದ ಹೊಲದಲ್ಲಿ ಆರು ವರ್ಷದಿಂದ ಕೆಂಪು ದಾರವೆಂದರೆ ತಳಿಗೆ ಸೇರದ ಬೆರಕೆ ಗಿಡ, ಕಿತ್ತು ಹಾಕು. ಒಂದು ಉಳಿದರೂ ದ್ಯಾವಮ್ಮನನ್ನು ಬೈದವನು ಅವನೇ. ಇಲ್ಲಿ ಉಳಿಸಬೇಕಾದ ಗಿಡಕ್ಕೆ ಅದೇ ದಾರ ಕಟ್ಟಿ, ಕಾರಣವನ್ನು ನೋಟ್‌ಬುಕ್ಕಿಗೆ ಮಾತ್ರ ತಿಳಿಸಿದ್ದ. ಸಂಜೆ ಕಾಲೇಜಿನಲ್ಲಿ ಕಲಿತ ವಿಜ್ಞಾನ, ದುಂಡಾದ ಅಕ್ಷರ.

ಹನ್ನೊಂದಕ್ಕೆ ಕಾರುಗಳು ಬಂದವು. ರಾಗಿಯನ್ನು ಮುದ್ದೆಯಾದ ಮೇಲಷ್ಟೇ ಗುರುತಿಸಬಲ್ಲ ಸುನಿಲ್‌ಕುಮಾರ್ ಕೈ ಬೀಸಿದರು.

“ನೋಡಿ ಸಾರ್, ಎಲ್ಲಾ ಒಂದೇ ಎತ್ತರ. ಮ್ಯುಟೇಶನ್ ಅಂದ್ರೆ ಇದು.”

ದೊಡ್ಡವರೊಬ್ಬರು ಮಾಮೂಲಿ ತೆನೆಯೊಂದನ್ನು ಸವರಿ, ಕೈಗೇ ವ್ಯತ್ಯಾಸ ಗೊತ್ತಾಗುತ್ತದೆ ಎಂದರು.

“ಸಾರ್, ಬದಲಾಗಿದ್ದ ಗಿಡಗಳು...” ಕೆಂಪರಾಜ್ ಶುರುಮಾಡಿದ.

“ಎಳನೀರು ಕೊಚ್ಚಿಸಪ್ಪ ಮೊದ್ಲು.”

ಎಳನೀರು ಕೊಚ್ಚಿಸಿ ಅವನು ದ್ಯಾವಮ್ಮನ ಮನೆಗೆ ಓಡಿದ. ಕಿತ್ತ ಗಿಡಗಳಲ್ಲಿ ಹದಿನಾರನ್ನು ಅವಳ ಹಸು ದಾರದ ಸಮೇತ ಮುಗಿಸಿತ್ತು. ಉಳಿದ ಒಂದರ ತೆನೆ ಬಾಗಿಲಿನ ಮೇಲೆ ನೇತಾಡುತ್ತಿತ್ತು.

“ಗಿಡ ಕುಳ್ಳಾದ್ರೂ ಲಕ್ಷಣವಾಗಿತ್ತು. ಹಸಕ್ಕೆ ಹಾಕಕ್ಕೆ ಮನ್ಸಾಗ್ಲಿಲ್ಲ,” ಎಂದಳು.

ಒಂಬತ್ತನೆಯದೇ. ಕಾಳು ಬಲಿತಿತ್ತು. ಕೆಂಪರಾಜ್ ಅದೇ ಓಟದಲ್ಲಿ ಹಿಂತಿರುಗಿ, ಕಾರು ಹತ್ತುತ್ತಿದ್ದ ನಿರ್ದೇಶಕರಿಗೆ ಎಲ್ಲ ಒಪ್ಪಿಸಿದ. ದಾರದ ತಪ್ಪು ತನ್ನದೆಂದೂ ಹೇಳಿದ.

ಸುನಿಲ್‌ಕುಮಾರ್ ಬಾಗಿಲು ಹಿಡಿದು ಯೋಚಿಸಿದರು. “ವರದಿ ಹೋಗಾಯ್ತು, ಇಡೀ ಹೊಲ ಯಶಸ್ವಿ ಅಂತ. ಈಗ ಅಸಲಿ ಗಿಡ ಕೂಲಿಯವಳ ಬಾಗಿಲಲ್ಲಿದೆ ಅಂದ್ರೆ, ನಾನು ತೋರ್ಸಿದ್ದು ಏನು ಗುರು?”

“ಮಾಮೂಲಿ ರಾಗಿ ಸಾರ್.”

“ಹಂಗಾದ್ರೆ ಆ ತೆನೇನ ಬೆರಕೆ ಅಂತ ಬರ್ಕೊ.”

ಎರಡು ವರ್ಷದ ದುಡಿಮೆಯನ್ನು ಕೆಂಪರಾಜ್ ದುಂಡಾದ ಅಕ್ಷರದಲ್ಲಿ ಬೆರಕೆ ಎಂದು ಬರೆದ. ಸಂಜೆ ದ್ಯಾವಮ್ಮನ ಬಾಗಿಲಲ್ಲಿ ನಿಂತು, ಆ ತೆನೆಯನ್ನು ಕುಟ್ಟಬೇಡ, ಬೇರೆ ರಾಗಿಗೆ ಬೆರೆಸಬೇಡ, ಮುಂದಿನ ಮುಂಗಾರಿಗೆ ಒಂದು ಮೂಲೆಯಲ್ಲಿ ಬೇರೆಯಾಗಿ ಬಿತ್ತು ಎಂದು ಕೇಳಿಕೊಂಡ.

“ಬಿತ್ತೀನಿ ಬುಡಿ,” ಎಂದಳು ಅವಳು. “ನೋಡಕ್ಕೆ ಬನ್ನಿ ಸಾ. ದಾರ ಮಾತ್ರ ತರ್ಬೇಡಿ.”