ಕೊಸರು

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ, ಒಂದು ಬಾಡಿಗೆ ಕರಾರಿನ ಎರಡನೆಯ ಪುಟದ ನಡುವೆ, ಆಫೀಸಿನ ಕಂಪ್ಯೂಟರು ಪ್ರಾಣ ಬಿಟ್ಟಿತು. ಒಳಗೆಲ್ಲೋ ಟಪ್ಪೆಂದು ಒಂದು ಸದ್ದು, ಸುಟ್ಟ ವಾಸನೆ, ಆಮೇಲೆ ಕಪ್ಪು ಪರದೆ. ಟೈಪಿಸ್ಟಮ್ಮ ಪ್ಲಗ್ಗು ಕಿತ್ತು ಮತ್ತೆ ಹಾಕಿದಳು, ಡಬ್ಬದ ಬೆನ್ನಿಗೆ ಎರಡು ಗುದ್ದಿದಳು, ಕೊನೆಗೆ ಬಗ್ಗಿ "ಏಳಪ್ಪಾ, ಸಾಕು" ಎಂದು ಗೋಗರೆದಳು. ಅದು ಏಳಲಿಲ್ಲ. ಹನ್ನೊಂದು ವರ್ಷ ಒಂದು ದಿನ ರಜೆ ಕೇಳದೆ ದುಡಿದದ್ದು. ಬೈಯುವುದಕ್ಕೂ ಅವಳಿಗೆ ಮನಸ್ಸು ಬರಲಿಲ್ಲ.

ಆಫೀಸೆಂದರೆ ಟೈರಿನ ಅಂಗಡಿಯ ಮೇಲಿನ ಎರಡು ಕೋಣೆ. ಹೊರಗಿನದರಲ್ಲಿ ಟೈಪಿಸ್ಟಮ್ಮನ ಮೇಜು, ಬಾಗಿಲು ಸರಿಯಾಗಿ ಮುಚ್ಚದ ಒಂದು ಕಬ್ಬಿಣದ ಬೀರು, ಕಕ್ಷಿದಾರರು ಕೂರುವ ಬೆಂಚು. ಒಳಗಿನದರಲ್ಲಿ ವಕೀಲರು. ಕೋರ್ಟಿನ ಆವರಣದಲ್ಲಿ ಅವರಿಗೆ 'ಅದು ಸಾಹೇಬರು' ಎಂದು ಹೆಸರು. ಬಾಯಿ ತೆರೆದರೆ ಮೊದಲು ಬೀಳುವ ಮಾತು 'ಅದು', ಕೊನೆಗೆ ಬೀಳುವುದೂ ಅದೇ. ನಡುವೆ ಇರಬೇಕಾದದ್ದು ಅವರ ಗಂಟಲಲ್ಲೇ ಉಳಿದುಬಿಡುತ್ತಿತ್ತು. ಅಂಥವರು ನ್ಯಾಯಾಧೀಶರ ಮುಂದೆ ನಿಂತು ವಾದಿಸುವುದು ದೂರದ ಮಾತು. ನೋಟಿಸು, ಕರಾರು, ಉಯಿಲು, ಅಣ್ಣತಮ್ಮಂದಿರ ಪಾಲುಪತ್ರ, ಹೀಗೆ ಕಾಗದ ಬರೆದುಕೊಟ್ಟೇ ಮೂವತ್ತು ವರ್ಷ ಕಳೆದಿದ್ದರು.

ಬರೆದುಕೊಟ್ಟರು ಎನ್ನುವುದೂ ಒಂದು ಮರ್ಯಾದೆಯ ಮಾತು, ಅಷ್ಟೆ. ನಡೆಯುತ್ತಿದ್ದದ್ದು ಹೀಗೆ: ವಕೀಲರು ಅವಳ ಕುರ್ಚಿಯ ಹಿಂದೆ ಅತ್ತಿಂದಿತ್ತ ಓಡಾಡುತ್ತ, "ಅದು... ಸದರಿಯವರು ಸದರಿಯವರಿಗೆ... ಆವತ್ತಿಂದು... ಕೊಡದೇ ಹೋದ್ರೆ... ಗೊತ್ತಾಯ್ತಲ್ಲ, ಅದೇ ಹಾಕಿ" ಎನ್ನುವರು. ಟೈಪಿಸ್ಟಮ್ಮನ ಬೆರಳು ನಿಲ್ಲದೆ ಓಡಿ, ಮನೆಯ ಮಾಲೀಕರು ಬಾಡಿಗೆದಾರರಿಗೆ ಕೊಡುವ ನೋಟಿಸು, ಮೂವತ್ತು ದಿನದ ಗಡುವು, ತಪ್ಪಿದಲ್ಲಿ ಹೂಡಲಾಗುವ ದಾವೆ, ಎಲ್ಲವೂ ಒಂದು ಪುಟದಲ್ಲಿ ಚೊಕ್ಕವಾಗಿ ಕೂರುತ್ತಿತ್ತು. ಯಾವ ಸದರಿ ಮಾಲೀಕರು, ಯಾವ ಸದರಿ ಬಾಡಿಗೆದಾರರು ಎನ್ನುವುದನ್ನು ಅವಳು ಅವರ ದನಿಯ ಏರಿಳಿತದಲ್ಲೇ ಹಿಡಿಯುತ್ತಿದ್ದಳು. ಒಮ್ಮೆ ಬೆಂಚಿನ ಮೇಲೆ ಕೂತಿದ್ದ ಮುದುಕನೊಬ್ಬ ಇದನ್ನೆಲ್ಲ ಕಂಡು, "ಅಮ್ಮಾ, ನಿಮ್ಮಿಬ್ರಲ್ಲಿ ಲಾಯರು ಯಾರು?" ಎಂದು ಕೇಳಿಯೇಬಿಟ್ಟಿದ್ದ. ಆ ಮಾತನ್ನು ಅವಳು ಇಪ್ಪತ್ತೆರಡು ವರ್ಷದ ನೌಕರಿಗೆ ಸಿಕ್ಕ ಬಡ್ತಿ ಎಂದುಕೊಂಡು ಇಟ್ಟುಕೊಂಡಿದ್ದಳು. ಅದು ಬಿಟ್ಟರೆ ಬೇರೆ ಬಡ್ತಿ ಸಿಕ್ಕಿರಲಿಲ್ಲ.

ವಕೀಲರು ಹೊರಗೆ ಬಂದು ಸತ್ತ ಡಬ್ಬವನ್ನು ನೋಡಿದರು.

"ಅದು... ಹೋಯ್ತಾ?"

"ಹೋಯ್ತು ಸರ್."

"ಹಂಗಾದ್ರೆ... ಹನ್ನೆರಡರೊಳಗೆ... ಹೊಸದೇ ಅಂತೇನಿಲ್ಲ... ನೀವೇ... ಅದು..."

ಹನ್ನೆರಡು ಸಾವಿರದ ಒಳಗೆ ಮುಗಿಯಬೇಕು, ಬಳಸಿದ್ದಾದರೂ ಆದೀತು, ಪರದೆಯೂ ಕೀಲಿಮಣೆಯೂ ಇರುವುದೇ ಇರಲಿ, ನೀವೇ ಹೋಗಿ, ಇವತ್ತೇ ಹೋಗಿ. ಅವಳು ಚೀಲ ಎತ್ತಿಕೊಂಡು ಹೊರಟಳು.

ಮೊದಲನೆಯ ಅಂಗಡಿಯಲ್ಲಿ ಹೇಳಿದ ಬೆಲೆ ಕೇಳಿ ಕೂತ ಕುರ್ಚಿ ಬಿಸಿಯಾಗುವ ಮೊದಲೇ ಎದ್ದಳು. ಎರಡನೆಯವನು ಹಳೆಯ ಡಬ್ಬಕ್ಕೆ ಹೊಸ ಚೀಟಿ ಅಂಟಿಸಿದ್ದ. ಫ್ಯಾನಿನ ಸಂದಿಯಲ್ಲಿ ಬೆರಳಾಡಿಸಿ, ಮೆತ್ತಿದ ಧೂಳನ್ನು ಅವನ ಮೇಜಿನ ಮೇಲೇ ಒರೆಸಿ ಬಂದಳು. ಮೂರನೆಯದು ಸೇತುವೆಯ ಕೆಳಗಿನ ಸಣ್ಣ ಅಂಗಡಿ. ಮುಚ್ಚಿಹೋದ ಯಾವುದೋ ಕಂಪನಿಯ ಕಂಪ್ಯೂಟರುಗಳನ್ನು ಅವನು ಗೋಡೆಯುದ್ದಕ್ಕೂ ಪೇರಿಸಿದ್ದ. ನಾಲ್ಕನ್ನು ಹಚ್ಚಿಸಿ ನೋಡಿ, ಐದನೆಯದಕ್ಕೆ ಕಿವಿಗೊಟ್ಟು, ಸದ್ದು ಕಡಿಮೆಯಿದ್ದದ್ದನ್ನು ಆರಿಸಿದಳು. ಹದಿನಾಲ್ಕರಿಂದ ಇಳಿಸುತ್ತ ಇಳಿಸುತ್ತ ಹನ್ನೊಂದೂವರೆಗೆ ತಂದಳು. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ತರಕಾರಿಯಿಂದ ಹಿಡಿದು ಚಪ್ಪಲಿಯವರೆಗೆ ಏನೇ ಕೊಂಡರೂ ಮೇಲೊಂದು ಕೊಸರು ಇಸಿದುಕೊಳ್ಳದೆ ಅಂಗಡಿ ಇಳಿದವಳಲ್ಲ ಅವಳು.

"ಕೊಸರೇನು ಕೊಡ್ತೀಯಪ್ಪಾ?"

"ಅಕ್ಕಾ, ಕಂಪ್ಯೂಟರಿಗೂ ಕೊಸರಾ? ಇದೇನು ಸೊಪ್ಪಿನ ಕಟ್ಟಾ?"

"ಸೊಪ್ಪಿನೋಳೇ ಕೊಡ್ತಾಳೆ. ಇಷ್ಟು ದೊಡ್ಡ ಅಂಗಡಿ ಇಟ್ಕೊಂಡಿದೀಯ, ನಿನಗೇನು ಬಂತು?"

ಅಂಗಡಿಯವನು ಸೋತು ನಕ್ಕ. ಖಾನೆಯಲ್ಲಿ ತಡಕಾಡಿ, ತಲೆಗೆ ಸಿಕ್ಕಿಸಿಕೊಳ್ಳುವ ಒಂದು ಮೈಕು ತೆಗೆದು ಊದಿ ಕೊಟ್ಟ. ಏತಕ್ಕೆಂದು ಅವಳು ಕೇಳಲಿಲ್ಲ. ಕೊಸರಿಗೆ ಯಾರೂ ಏತಕ್ಕೆಂದು ಕೇಳುವುದಿಲ್ಲ.

ಮರುದಿನ ಅವನೇ ಬಂದು ಡಬ್ಬ ಕೂರಿಸಿದ, ಪೆನ್‌ಡ್ರೈವಿನಲ್ಲಿದ್ದ ಹಳೆಯ ಕಾಗದಗಳನ್ನೆಲ್ಲ ಇಳಿಸಿದ. ಹೊರಡುವ ಮುಂಚೆ ವಕೀಲರನ್ನು ಕರೆದು, "ಸಾರ್, ಇದನ್ನ ಹಾಕ್ಕೊಂಡು ಮಾತಾಡಿ. ನೀವು ಹೇಳಿದ್ದನ್ನ ಅದೇ ಬರ್ಕೊಳ್ಳುತ್ತೆ. ನಮ್ಮ ಭಾಷೆಲೇ" ಎಂದ. ಟೈಪಿಸ್ಟಮ್ಮ ಕುರ್ಚಿಯಿಂದ ಅರ್ಧ ಎದ್ದಳು. ವಕೀಲರು ಮೈಕನ್ನು ಮೂಗುದಾರವೋ ಎಂಬಂತೆ ಅನುಮಾನಿಸುತ್ತ ಹಾಕಿಕೊಂಡು, ಓಡಾಡಲು ತಂತಿ ಸಾಲದೆ ನಿಂತಲ್ಲೇ ನಿಂತು, ಒಂದು ನೋಟಿಸು ಹೇಳಿದರು. ಪರದೆಯ ಮೇಲೆ ಅಕ್ಷರ ಮೂಡಿದವು: 'ಅದು ಸದರಿ ಸದರಿ ಆವತ್ತಿಂದು ಅದು ಗೊತ್ತಾಯ್ತಲ್ಲ ಅದೇ ಹಾಕಿ'.

ಅವಳು ನಕ್ಕಳು. ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲದೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಂಗಡಿಯವನೂ ನಕ್ಕ. ವಕೀಲರು ನಗಲಿಲ್ಲ. ಮೈಕು ತೆಗೆದಿಟ್ಟು ಒಳಗೆ ಹೋದರು.

ಸಂಜೆ ಗಂಡನಿಗೆ ಅದನ್ನೇ ನಟಿಸಿ ತೋರಿಸಿದಳು. ಗಂಡ ದರ್ಜಿ. ಒಂದು ಕಾಲಕ್ಕೆ ಮುಖ್ಯರಸ್ತೆಯಲ್ಲಿ ಅಂಗಡಿ, ಕೈಕೆಳಗೆ ಮೂರು ಜನ ಇದ್ದವನು. ಈಗ ಮನೆಯ ಬಾಗಿಲಲ್ಲೇ ಮಿಷನ್ನು ಹಾಕಿಕೊಂಡು ಪ್ಯಾಂಟಿನ ಅಂಚು ಮಡಿಸುವುದು, ಜಿಪ್ಪು ಬದಲಿಸುವುದು, ಅಷ್ಟು. ಅವಳ ಸಂಬಳ ಬರದಿದ್ದರೆ ಆ ಎರಡು ಕೋಣೆಯ ಮನೆಯಲ್ಲಿ ಒಲೆ ಹತ್ತುವಂತಿರಲಿಲ್ಲ. ಅವಳಿಗೆ ಐವತ್ತಮೂರು, ಈ ಕುರ್ಚಿ ತಪ್ಪಿದರೆ ಇನ್ನೊಂದು ಕುರ್ಚಿ ಕೊಡುವವರು ಯಾರೂ ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

"ಆ ಯಂತ್ರಕ್ಕೆ ಅವ್ರ ಮಾತು ಈ ಜನ್ಮದಲ್ಲಿ ಅರ್ಥ ಆಗಲ್ಲ ಕಣ್ರೀ. ನಾನಿಲ್ದಿದ್ರೆ ಆ ಆಫೀಸು ಮೂಕ."

ಗಂಡ ಸೂಜಿಗೆ ದಾರ ಪೋಣಿಸುವುದನ್ನು ನಿಲ್ಲಿಸಿದ. "ರೆಡಿಮೇಡ್ ಬಂದಾಗ ನಾನೂ ಹಿಂಗೇ ನಕ್ಕಿದ್ದೆ ಕಣೆ. ಮೈಗೆ ಸರಿಯಾಗಿ ಕೂರಲ್ಲ, ಯಾರು ತಗೋತಾರೆ ಅಂತಿದ್ದೆ."

"ಕೂರಲ್ಲ ಅನ್ನೋದು ನಿಜ ತಾನೆ?"

"ನಿಜ. ಜನ ತಾವೇ ಅದಕ್ಕೆ ಸರಿಯಾಗಿ ಕೂತ್ಕೊಂಡ್ರು."

ಬಿಟ್ಟರೆ ಈ ಮನುಷ್ಯ ಮದುವೆ ಮನೆಯಲ್ಲೂ ಅಳುವವನು ಎಂದು ಅವಳು ಮುಖ ತಿರುಗಿಸಿ ತಟ್ಟೆ ಹಾಕಿದಳು.

ಮಧ್ಯಾಹ್ನ ಒಂದರಿಂದ ಎರಡು ಅವಳ ಊಟದ ಹೊತ್ತು. ಡಬ್ಬಿ ತೆಗೆದುಕೊಂಡು ಹಿಂದಿನ ವರಾಂಡದಲ್ಲಿ, ನಲ್ಲಿಯ ಪಕ್ಕದ ಕಟ್ಟೆಯ ಮೇಲೆ ಕೂತು ಉಣ್ಣುತ್ತಿದ್ದಳು. ಆ ವಾರ ಗುರುವಾರ, ಕಿಟಕಿಯಿಂದ ವಕೀಲರ ದನಿ ಕೇಳಿಸಿತು. ಇಣುಕಿ ನೋಡಿದರೆ ಅವರು ಅವಳ ಕುರ್ಚಿಯಲ್ಲಿ ಕೂತಿದ್ದರು. ಒಂದು ಸಾಲು ಹೇಳುವುದು, ಪರದೆ ನೋಡುವುದು, ತಲೆ ಕೆರೆದುಕೊಳ್ಳುವುದು, ಮತ್ತೆ ಅದೇ ಸಾಲನ್ನು ನಿಧಾನವಾಗಿ ಹೇಳುವುದು. ಮೊದಲು ಅವಳಿಗೆ ತಮಾಷೆಯೆನಿಸಿತು. ಅರವತ್ತು ದಾಟಿದವರು ಕಾಗುಣಿತಕ್ಕೆ ಕೂತಿದ್ದಾರಲ್ಲ ಎಂದುಕೊಂಡಳು.

ಮರುವಾರದ ಹೊತ್ತಿಗೆ ತಮಾಷೆ ಹೋಗಿತ್ತು. 'ಅದು' ಕಡಿಮೆಯಾಗಿತ್ತು. 'ಸದರಿ' ಬರುವ ಕಡೆ ಆಸಾಮಿಯ ಹೆಸರು ಬರುತ್ತಿತ್ತು. ವಾಕ್ಯಕ್ಕೆ ಕರ್ತೃ ಬಂತು, ಕರ್ಮ ಬಂತು, ಕೊನೆಗೆ ಕ್ರಿಯಾಪದವೂ ಬಂದು ಸೇರಿತು. 'ಪೂರ್ಣವಿರಾಮ' ಎಂದರೆ ಯಂತ್ರ ಚುಕ್ಕೆಯಿಡುತ್ತದೆಂದು ಅವರಿಗೆ ಯಾರು ಹೇಳಿಕೊಟ್ಟರೋ, ಪ್ರತಿ ಸಾಲಿನ ಕೊನೆಗೆ "ಪೂರ್ಣವಿರಾಮ" ಎಂದು ಗಟ್ಟಿಯಾಗಿ, ಹೆಚ್ಚುಕಡಿಮೆ ಸಂತೋಷದಿಂದ ಹೇಳುತ್ತಿದ್ದರು. ಯಂತ್ರ ತಪ್ಪು ಬರೆದರೆ ಬೇಸರಿಸುತ್ತಿರಲಿಲ್ಲ. ತಮ್ಮದೇ ತಪ್ಪೆಂಬಂತೆ ಇನ್ನೊಮ್ಮೆ, ಇನ್ನಷ್ಟು ಮೃದುವಾಗಿ ಹೇಳುತ್ತಿದ್ದರು.

ಅವಳು ಡಬ್ಬಿ ಮುಚ್ಚಿಟ್ಟಳು. ಕೆಲಸ ಹೋಗುತ್ತದೆಂಬ ಭಯ ಒಂದಾದರೆ, ಅದಕ್ಕಿಂತ ಹೆಚ್ಚಾಗಿ ಸುಟ್ಟದ್ದು ಇನ್ನೊಂದು. ಇಷ್ಟು ವರ್ಷ ಅವರಿಗೆ ಮಾತು ಬರುವುದಿಲ್ಲವೆಂದು ಅವಳು ನಂಬಿದ್ದಳು. ಪಾಪ, ಹುಟ್ಟಿನಿಂದಲೇ ಹಾಗೆ ಎಂದುಕೊಂಡು, ಅವರ ನಾಲಿಗೆಯನ್ನು ತನ್ನ ಬೆರಳ ತುದಿಯಲ್ಲಿ ಹೊತ್ತಿದ್ದಳು. ಅರ್ಧ ಮಾತಿಗೆ ಪೂರ್ತಿ ಪುಟ ಬರೆದು, ತಪ್ಪಾದರೆ "ಅಲ್ಲ... ಅದಲ್ಲ" ಎಂಬ ಸಿಡುಕನ್ನೂ ನುಂಗಿದ್ದಳು. ಮಾತು ಬರುತ್ತಿತ್ತು. ಅವಳಿಗೋಸ್ಕರ ಆಡುವ ಶ್ರಮ ಬೇಕಿರಲಿಲ್ಲ, ಅಷ್ಟೆ. ಕೊಸರಿಗೆ ಬಂದ ಒಂದು ತಂತಿಗೋಸ್ಕರ ಅವರು ಎರಡು ವಾರದಲ್ಲಿ ಕಲಿತರು.

ಆವತ್ತು ಸಂಜೆ ಅವಳು ಜೀವಮಾನದಲ್ಲಿ ಮಾಡದ ಕೆಲಸ ಮಾಡಿದಳು. ಮೈಕನ್ನು ಊಟದ ಡಬ್ಬಿಯ ಚೀಲಕ್ಕೆ ತುರುಕಿಕೊಂಡು ಮನೆಗೆ ಬಂದಳು. ಹಾಸಿಗೆಯ ಕೆಳಗಿಟ್ಟು ಮಲಗಿದಳು, ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಆಫೀಸಿಗೆ ಬಂದರೆ ಖಾನೆಗಳೆಲ್ಲ ತೆರೆದಿದ್ದವು, ಬೀರುವಿನ ಕಾಗದ ನೆಲದ ಮೇಲಿತ್ತು.

"ನಿನ್ನೆ ಮೇಜಿನ ಮೇಲೆ ಇಟ್ಟಿದ್ದ ಮೈಕನ್ನ ನೀವು ಎಲ್ಲಾದ್ರೂ ನೋಡಿದ್ರಾ?" ವಕೀಲರು ಕೇಳಿದರು.

ಅವರು ಅವಳಿಗೆ ಹೇಳಿದ ಮೊದಲ ಪೂರ್ತಿ ವಾಕ್ಯ ಅದು. ಅವಳು ತಲೆ ತಗ್ಗಿಸಿ ಚೀಲಕ್ಕೆ ಕೈ ಹಾಕಿದಳು. "ಧೂಳಾಗಿತ್ತು ಸರ್. ಒರೆಸೋಣ ಅಂತ ತಗೊಂಡು ಹೋಗಿದ್ದೆ." ಅವರು ನಂಬಿದರೋ ಇಲ್ಲವೋ, ಅದನ್ನು ಇಸಿದುಕೊಂಡು ತಂತಿಯ ಗಂಟನ್ನು ಒಂದೊಂದಾಗಿ ಬಿಡಿಸತೊಡಗಿದರು. ಅವಳು ಬಗ್ಗಿ ನೆಲದ ಮೇಲಿನ ಕಾಗದ ಆಯತೊಡಗಿದಳು.

ಅಲ್ಲಿಂದ ಮುಂದೆ ಅವಳ ಕೆಲಸ ದಿನಕ್ಕಿಷ್ಟು ಸೊರಗುತ್ತ ಬಂತು. ವಕೀಲರು ಹೇಳಿದ್ದನ್ನು ಓದಿ ತಿದ್ದುವುದು, ಪ್ರಿಂಟು ತೆಗೆಯುವುದು, ಪಿನ್ನು ಹೊಡೆಯುವುದು. ಬೆಂಚಿನ ಮೇಲಿನ ಕಕ್ಷಿದಾರರು ಈಗ ಅವಳ ಮುಖ ನೋಡದೆ ನೇರ ಒಳಗೆ ಹೋಗುತ್ತಿದ್ದರು. ವಕೀಲರು ಅವರೊಡನೆ ಗಟ್ಟಿಯಾಗಿ, ಸ್ಪಷ್ಟವಾಗಿ ಮಾತಾಡುವುದು ಹೊರಗೂ ಕೇಳಿಸುತ್ತಿತ್ತು. ಮನೆಯಲ್ಲಿ ಗಂಡ ಯಾರದೋ ಕೋಟಿನ ಗುಂಡಿಯನ್ನು ಎರಡೆರಡು ಸಲ ಬಿಗಿಯುತ್ತ ಕೂತಿದ್ದ.

ತಿಂಗಳು ಮುಗಿಯಲು ನಾಲ್ಕು ದಿನವಿತ್ತು. ಊಟ ಮುಗಿಸಿ ನಲ್ಲಿಯಲ್ಲಿ ಡಬ್ಬಿ ತೊಳೆಯುತ್ತಿದ್ದವಳಿಗೆ ಕಿಟಕಿಯಿಂದ ಕೇಳಿಸಿತು.

"ಇವರು ಇಪ್ಪತ್ತೆರಡು ವರ್ಷ ನಮ್ಮ ಕಚೇರಿಯಲ್ಲಿ ಬೆರಳಚ್ಚುಗಾರರಾಗಿ ಅತ್ಯಂತ ನಿಷ್ಠೆಯಿಂದ ಸೇವೆ ಸಲ್ಲಿಸಿರುತ್ತಾರೆ ಪೂರ್ಣವಿರಾಮ. ಇವರ ಕೆಲಸದಲ್ಲಿ ನಾನು ಒಂದು ತಪ್ಪನ್ನೂ ಕಂಡಿಲ್ಲ ಪೂರ್ಣವಿರಾಮ. ಕಚೇರಿಯಲ್ಲಿ ಕೆಲಸ ಕಡಿಮೆಯಾಗಿರುವ ಕಾರಣ ಇವರನ್ನು ಈ ತಿಂಗಳ ಕೊನೆಯ ದಿನದಿಂದ ಬಿಡುಗಡೆ ಮಾಡಲಾಗಿದೆ ಪೂರ್ಣವಿರಾಮ."

ಅವಳು ನಲ್ಲಿ ನಿಲ್ಲಿಸಿದಳು. ಡಬ್ಬಿಯ ನೀರು ಬಸಿದು, ಸೆರಗಿನಿಂದ ಒರೆಸಿ, ಮುಚ್ಚಳ ಹಾಕಿದಳು. ಒಳಗೆ ಹೋದಾಗ ವಕೀಲರು ಅವಳ ಕುರ್ಚಿಯಿಂದ ಎದ್ದು ನಿಂತರು. ಮೈಕು ಕೊರಳಿಗೆ ಇಳಿಬಿದ್ದಿತ್ತು.

"ತಪ್ಪೇನಾದ್ರೂ ಇದ್ಯಾ, ಒಂದ್ಸಲ ನೋಡಿಬಿಡಿ" ಎಂದು ಮೈಕನ್ನು ಅಂಗೈಯಲ್ಲಿ ಮುಚ್ಚಿಕೊಂಡೇ ಹೇಳಿದರು. ಅವಳ ಕಡೆ ನೋಡಲಿಲ್ಲ.

ಅವಳು ಕೂತು ಓದಿದಳು. ಯಂತ್ರ 'ನಿಷ್ಟೆ' ಎಂದು ಬರೆದಿತ್ತು. ಬೆರಳು ತಾನಾಗಿ ಓಡಿ 'ನಿಷ್ಠೆ' ಎಂದು ತಿದ್ದಿ, ಪುಟದ ಕೊನೆಗೆ ಬಂದು ನಿಂತಿತು. ಅವಳು ಪರದೆಯಿಂದ ಮುಖ ತಿರುಗಿಸಿದಳು.

"ಇಷ್ಟು ಚೆನ್ನಾಗಿ ಹೇಳೋಕೆ ಬರುತ್ತಲ್ಲ ಸರ್. ನನಗೆ ಒಂದು ದಿನಾನಾದ್ರೂ ಹೀಗೆ ಹೇಳ್ಬಹುದಿತ್ತಲ್ಲ?"

ವಕೀಲರ ಮುಖ ಕಪ್ಪಿಟ್ಟಿತು. ಮೈಕು ಮುಚ್ಚಿದ್ದ ಕೈ ಕೆಳಗಿಳಿಯಿತು. "ಅದು... ಹಂಗಲ್ಲ... ನೀವಿದ್ರಲ್ಲ... ಅದಕ್ಕೇ... ನೀವು... ಅದು..."

ಅವರು ಕಾದರು. ಉಳಿದದ್ದನ್ನು ಅವಳು ತುಂಬಿಕೊಳ್ಳುತ್ತಾಳೆಂದು, ಯಾವಾಗಲೂ ಕಾಯುತ್ತಿದ್ದಂತೆ ಕಾದರು. ಅವಳು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ಅರ್ಥವೇನೋ ಆಗಿತ್ತು, ಆದದ್ದರಿಂದಲೇ ಇನ್ನಷ್ಟು ನೋವಾಯಿತು.

ಕೊರಳಲ್ಲಿದ್ದ ಮೈಕು ಮಾತ್ರ ಎಚ್ಚರವಾಗಿತ್ತು. ಪರದೆಯ ಮೇಲೆ, ಬಿಡುಗಡೆಯ ಸಾಲಿನ ಕೆಳಗೆ ಒಂದೊಂದೇ ಪದ ಬಂದು ಕೂತಿತು: 'ಅದು ಹಂಗಲ್ಲ ನೀವಿದ್ರಲ್ಲ ಅದಕ್ಕೇ ನೀವು ಅದು'.

"ಆ ಕೆಳಗಿಂದು... ಅದು... ತೆಗೆದು..." ಎಂದು ವಕೀಲರು ಮೈಕನ್ನು ಮತ್ತೆ ಮುಚ್ಚಿ ಬೆರಳು ತೋರಿಸಿದರು.

ಒಂದು ತಪ್ಪನ್ನೂ ಉಳಿಯಗೊಡದವಳು ಅದನ್ನು ಅಳಿಸಲಿಲ್ಲ. ಹಾಗೆಯೇ ಪ್ರಿಂಟು ಕೊಟ್ಟಳು. ಕಾಗದ ಹೊರಗೆ ಬಂತು, ಇನ್ನೂ ಬೆಚ್ಚಗಿತ್ತು. ಅವರ ಮುಂದಿಟ್ಟು ಸಹಿಗೆ ಪೆನ್ನು ಕೊಟ್ಟಳು. ಅವರು ಓದದೆ ಸಹಿ ಹಾಕಿದರು. ಕೆಳಗೆ ಅಂಥದೊಂದು ಸಾಲಿರುವ ಪತ್ರವನ್ನು ಇನ್ನಾವ ಆಫೀಸಿನಲ್ಲಿ ತೋರಿಸಿದರೂ ನಗುತ್ತಾರೆ, ಅದು ಅವಳಿಗೂ ಗೊತ್ತಿತ್ತು. ಆದರೂ ಕೊಸರು ಬಿಟ್ಟು ಬರುವವಳಲ್ಲ ಅವಳು, ನಾಲ್ಕಾಗಿ ಮಡಿಸಿ ಚೀಲದಲ್ಲಿ ಇಟ್ಟುಕೊಂಡಳು. ಆಮೇಲೆ ಮುಂದಿನ ಕಕ್ಷಿದಾರನ ಕರಾರು ತೆಗೆದು, ತಪ್ಪು ತಿದ್ದಲು ಕೂತಳು. ಇನ್ನೂ ನಾಲ್ಕು ದಿನದ ಕೆಲಸವಿತ್ತು.