ಜಮೇದಾರನ ಕೂದಲು ವಿಲೇವಾರಿ

ಚಿಕ್ಕತಿಮ್ಮಪ್ಪನವರು ಮೂವತ್ತೆರಡು ವರ್ಷ ಸರ್ಕಾರದ ಒಂದು ಇಲಾಖೆಯಲ್ಲಿ ಸ್ಟೋರ್ ಕೀಪರ್ ಆಗಿದ್ದವರು. ಯಾವ ಇಲಾಖೆ ಎಂದು ಕೇಳಬೇಡಿ. ಹೇಳಿದರೆ ಇಲಾಖೆಗೆ ಬೇಜಾರು, ಹೇಳದಿದ್ದರೆ ಚಿಕ್ಕತಿಮ್ಮಪ್ಪನವರಿಗೆ ಬೇಜಾರು. ನನಗೆ ಇಲಾಖೆಯ ಭಯವೇ ಜಾಸ್ತಿ. ಆ ಮೂವತ್ತೆರಡು ವರ್ಷದಲ್ಲಿ ಮೂರು ಕೊಟೇಶನ್ ಇಲ್ಲದೆ ಅವರು ಒಂದು ಗುಂಡುಸೂಜಿಯನ್ನೂ ಕೊಂಡವರಲ್ಲ. ನಿವೃತ್ತರಾಗಿ ಹಿರಿಯೂರಿನಲ್ಲಿ ಮನೆ ಕಟ್ಟಿಸಿಕೊಂಡ ಮೇಲೂ ಆ ಚಾಳಿ ಬಿಡಲಿಲ್ಲ. ಹಿತ್ತಿಲ ಬಾಗಿಲ ಚಿಲಕ ಮುರಿದಾಗ ಮೂರು ಅಂಗಡಿಯ ಕೊಟೇಶನ್ ಬರುವವರೆಗೂ ಅವರ ಹೆಂಡತಿ ಚಂದ್ರಕ್ಕ ಆ ಬಾಗಿಲಿಗೆ ರುಬ್ಬುವ ಗುಂಡು ಆನಿಸಿ ಮಲಗುತ್ತಿದ್ದರು.

ನಿವೃತ್ತಿಯಲ್ಲಿ ಅವರಿಗೆ ಬಿದ್ದ ದೊಡ್ಡ ಪೆಟ್ಟು ಒಂದೇ. ಮೊದಲು ಅವರು ಉಗ್ರಾಣದ ಬಾಗಿಲಲ್ಲಿ ಒಮ್ಮೆ ಕೆಮ್ಮಿದರೆ ಸಾಕು, ಒಳಗಿದ್ದವರೆಲ್ಲ ಕುರ್ಚಿ ಬಿಟ್ಟು ಏಳುತ್ತಿದ್ದರು. ನಿವೃತ್ತಿಯಾದ ವಾರಕ್ಕೆ ಹಳೇ ಆಫೀಸಿಗೆ ಹೋಗಿ ಅದೇ ಬಾಗಿಲಲ್ಲಿ ಅದೇ ಕೆಮ್ಮು ಕೆಮ್ಮಿದರೆ, ಅಟೆಂಡರ್ ಮೊಬೈಲಿನಿಂದ ತಲೆ ಎತ್ತದೆ, "ಕಫ ಆಗೈತೇನ್ರಿ? ಬಿಸಿನೀರು ಕುಡೀರಿ" ಎಂದ. ಅಯ್ಯೋ ಶಿವನೇ! ಆ ದಿನ ಮನೆಗೆ ಬಂದವರು ಊಟ ಮಾಡಲಿಲ್ಲ.

ಆಮೇಲೆ ಬಂದದ್ದು ಜಮೇದಾರ. ವರ್ಗವಾಗಿ ಹೋಗುತ್ತಿದ್ದ ಗುಮಾಸ್ತರೊಬ್ಬರು ಬಿಟ್ಟುಹೋದ ಬಿಳಿ ಪಮೇರಿಯನ್ ನಾಯಿ. ಮೈತುಂಬ ಮೊಳದುದ್ದ ಕೂದಲು, ಕತ್ತಿನ ಸುತ್ತ ಇನ್ನೂ ದಟ್ಟ. ರುಮಾಲು ಸುತ್ತಿಕೊಂಡು ಕಚೇರಿ ಬಾಗಿಲಲ್ಲಿ ನಿಲ್ಲುತ್ತಿದ್ದ ಹಳೇಕಾಲದ ಜಮೇದಾರನ ಹಾಗೇ ಇದೆ ಎಂದು ಚಿಕ್ಕತಿಮ್ಮಪ್ಪನವರೇ ಹೆಸರಿಟ್ಟರು. ಹೆಸರಿಗೆ ತಕ್ಕ ಹಾಗೆ ಅದು ನಡೆದುಕೊಂಡಿತು ಕೂಡ. ಸಂಜೆ ಅವರು ವಾಕಿಂಗ್ ಮುಗಿಸಿ ಗೇಟಿನ ಬಳಿ ಕೆಮ್ಮಿದರೆ, ಎಂಥ ನಿದ್ದೆಯಲ್ಲಿದ್ದರೂ ಜಮೇದಾರ ಧಡಕ್ಕನೆ ಎದ್ದು ನಿಲ್ಲುತ್ತಿದ್ದ. ಅವರು ಕೂತ ಮೇಲೆಯೇ ಅವನು ಕೂರುವುದು. ಈ ಭೂಮಿಯ ಮೇಲೆ ತಮ್ಮನ್ನು ಕಂಡರೆ ಎದ್ದು ನಿಲ್ಲುವ ಪ್ರಾಣಿ ಇನ್ನು ಇದೊಂದೇ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಆ ನಾಯಿ ಅಂದರೆ ಅವರಿಗೆ ಪ್ರಾಣ.

ಚಂದ್ರಕ್ಕನಿಗೆ ಮಾತ್ರ ಪ್ರಾಣಸಂಕಟ. ಶಿವರಾತ್ರಿ ಕಳೆದು ಬಿಸಿಲು ಏರಿದ್ದೇ ತಡ, ಜಮೇದಾರ ಕೂದಲು ಉದುರಿಸಲು ಶುರುಮಾಡಿದ. ಸೋಫಾ ಮೇಲೆ ಕೂದಲು, ದೇವರ ಗೂಡಿನಲ್ಲಿ ಕೂದಲು, ಒಗೆದು ಮಡಿಸಿಟ್ಟ ಸೀರೆಯ ಮಡಿಕೆಯೊಳಗೂ ಕೂದಲು. ಒಂದು ಮಧ್ಯಾಹ್ನ ರಾಗಿಮುದ್ದೆ ಮುರಿದರೆ ಒಳಗಿನಿಂದ ಬೆಳ್ಳಗೆ ಒಂದು ಎಳೆ ಬಂತು. ಚಂದ್ರಕ್ಕ ಅದನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಗಂಡನ ಮೂಗಿನ ಮುಂದೆ ತೂಗಾಡಿಸಿದರು.

"ನೋಡ್ರಿ, ನನಗೂ ಸಾಕಾಗೇತೆ. ಯುಗಾದಿ ಮಾರನೇ ದಿನ ಹರಿಯಬ್ಬೆಯಿಂದ ನನ್ ತಮ್ಮ ಬರ್ತಾನೆ. ಅಷ್ಟ್ರಾಗೆ ಈ ಕೂದ್ಲು ನಿಲ್ಲಬೇಕು. ಇಲ್ಲಾಂದ್ರೆ ನಾಯಿ ಅವನ ತೋಟ ಕಾಯಾಕೆ ಹೋಗ್ತೈತೆ. ಇನ್ನು ಎರಡು ಮಾತಿಲ್ಲ."

ಯುಗಾದಿಗೆ ಒಂದು ತಿಂಗಳಿತ್ತು. ಚಿಕ್ಕತಿಮ್ಮಪ್ಪನವರ ಕೈ ತಾನಾಗಿ ಬಿಳಿ ಹಾಳೆಯ ಕಡೆಗೆ ಹೋಯಿತು. ಮೇಲುಗಡೆ ವಿಷಯ ಎಂದು ಬರೆದು ಗೆರೆ ಎಳೆದರು: "ನಾಯಿಯ ಕೂದಲು ತೆಗೆಯುವ ಸಲಕರಣೆ ಖರೀದಿ ಕುರಿತು."

ಪಕ್ಕದ ಮನೆಯ ಲಾಲ್ ಸಾಬ್ ಹಾಸಿಗೆ ಹೊಲಿಯುವವರು. ಅರಳೆ ಹಿಂಜಿ ಹಿಂಜಿಯೇ ಅವರ ಹುಬ್ಬು ಬೆಳ್ಳಗಾಗಿರುವುದು ಎಂದು ಬೀದಿಯಲ್ಲಿ ತಮಾಷೆ ಮಾಡುತ್ತಾರೆ. ಕಾಂಪೌಂಡಿನ ಆಚೆಯಿಂದ ಇದನ್ನೆಲ್ಲ ಕೇಳಿಸಿಕೊಂಡಿದ್ದ ಅವರು ಒಳಗೆ ಬಂದು, ಜಮೇದಾರನ ಬೆನ್ನ ಮೇಲೆ ಕೈಯಿಟ್ಟು ಕೂದಲು ಬಿಡಿಸಿ ಬುಡ ನೋಡಿದರು.

"ಸ್ಟೋರ್ ಸಾಹೇಬ್ರೆ, ಇಲ್ಲಿ ನೋಡ್ರಿ. ಮೇಲಿಂದು ಕೂದ್ಲು, ಒಳಗಿಂದು ಅರಳೆ. ಉದುರ್ತಿರೋದು ಅರಳೆ. ಅದು ಕೂದ್ಲಾಗೆ ಸಿಕ್ಕಾಕ್ಕಂಡು ನಿಂತೈತೆ. ಉದ್ದ ಹಲ್ಲಿಂದು, ತುದಿ ಮೊಂಡಾಗಿರೋ ಬಾಚಣಿಗೆ ತಗಳ್ರಿ. ಬುಡದಿಂದ ಪದರ ಪದರ ಬಿಡಿಸ್ತಾ ಎಳೀರಿ. ಮೇಲೆ ಮೇಲೆ ಸವರಿದ್ರೆ ಏನೂ ಬರಲ್ಲ. ದಿನಾ ಹತ್ತು ನಿಮಿಷ, ಅಷ್ಟೇ."

ಚಿಕ್ಕತಿಮ್ಮಪ್ಪನವರು ಕನ್ನಡಕದ ಮೇಲಿನಿಂದ ನೋಡಿ, "ಬರವಣಿಗೇಲಿ ಕೊಡ್ರಿ ಸಾಬ್ರೆ" ಎಂದರು.

"ನಾಯಿ ಬಾಚಾಕೆ ಬರವಣಿಗೆ ಯಾಕಪ್ಪ?"

"ಬಾಯಿಮಾತಿನ ಕೊಟೇಶನ್ನು ಪರಿಗಣಿಸೋ ಹಂಗಿಲ್ಲ."

ಲಾಲ್ ಸಾಬ್ ತಮ್ಮ ಅರಳೆಯ ಕಡೆಗೆ ಹೊರಟುಹೋದರು.

ಮೂರು ಕೊಟೇಶನ್ನಿಗೆ ಮೂರು ಊರು. ಚಿತ್ರದುರ್ಗಕ್ಕೆ ಒಂದು ದಿನ ಬಸ್ಸಿನಲ್ಲಿ ಹೋದರು. ಅಲ್ಲಿನ ಸಾಕುಪ್ರಾಣಿ ಅಂಗಡಿಯವನು ಸ್ಲಿಕರ್ ಬ್ರಶ್ ಎಂಬ, ಹಲಗೆಯ ತುಂಬ ಸಣ್ಣ ತಂತಿ ಮುಳ್ಳಿದ್ದ ಒಂದು ಬ್ರಶ್ ತೋರಿಸಿದ. ಹೊಸದುರ್ಗದವನು ಬ್ಲೇಡಿನಂಥ ಹಲ್ಲಿದ್ದ ಇನ್ನೊಂದನ್ನು ತೋರಿಸಿ ವಾರಕ್ಕೊಂದು ಸಲಕ್ಕಿಂತ ಹೆಚ್ಚು ಎಳೆಯಬಾರದೆಂದ. ಹೊಳಲ್ಕೆರೆಯಲ್ಲಿ ಹಗ್ಗ, ಮೂಗುದಾರ ಮಾರುವವನೊಬ್ಬ ಎಮ್ಮೆ ತೊಳೆಯುವ ಬ್ರಶ್ಶನ್ನೇ ಎತ್ತಿಕೊಟ್ಟ. ಮನೆಗೆ ಬಂದು ತುಲನಾ ಪಟ್ಟಿ ತಯಾರಿಸಿದರು. ಬಾಳಿಕೆ, ತುಕ್ಕು ಹಿಡಿಯದಿರುವಿಕೆ, ಹಿಡಿಯ ಗಟ್ಟಿತನ, ಎಲ್ಲಕ್ಕೂ ಒಂದೊಂದು ಕಾಲಮ್ಮು. ನಾಯಿಗೆ ಒಂದು ಕಾಲಮ್ಮಿರಲಿಲ್ಲ. ಇಪ್ಪತ್ತು ದಿನ ಕಳೆದು, ಅತಿ ಕಡಿಮೆ ದರದ ಹೊಳಲ್ಕೆರೆ ಬ್ರಶ್ಶಿಗೆ ಮಂಜೂರಾತಿ ಸಿಕ್ಕಿತು. ಮಂಜೂರು ಮಾಡಿದವರೂ ಅವರೇ.

ಎಮ್ಮೆ ಬ್ರಶ್ಶಿನಿಂದ ನಾಲ್ಕು ದಿನ ಉಜ್ಜಿದರು. ಜಮೇದಾರ ಮದುವೆಗಂಡಿನ ಹಾಗೆ ಹೊಳೆದ. ಕೂದಲು ಹೇಗೆ ಉದುರುತ್ತಿತ್ತೋ ಹಾಗೇ ಉದುರಿತು, ಈಗ ಹೊಳೆಯುತ್ತ ಉದುರಿತು ಅಷ್ಟೇ. ಚಿಕ್ಕತಿಮ್ಮಪ್ಪನವರು ಗಾಬರಿಬಿದ್ದು ಎರಡನೇ ಕಡಿಮೆ ದರದ ಚಿತ್ರದುರ್ಗದ ತಂತಿ ಬ್ರಶ್ ತರಿಸಿ, ತುಕ್ಕು ಹಿಡಿದ ಪಂಪ್‌ಸೆಟ್ ಕೆರೆಯುವ ಹುಮ್ಮಸ್ಸಿನಲ್ಲಿ ಎಳೆದರು. ಎರಡೇ ದಿನಕ್ಕೆ ಜಮೇದಾರನ ಹೊಟ್ಟೆಯ ಚರ್ಮ ಕೆಂಪಗಾಯಿತು; ಬ್ರಶ್ ಕಂಡರೆ ಅವನು ಕುಂಯ್‌ಗುಟ್ಟಿ ಹಿಂದೆ ಸರಿಯತೊಡಗಿದ.

"ಏನ್ರಿ ಅದು, ನಾಯಿ ಬಾಚ್ತೀರೋ, ತಳ ಹತ್ತಿದ ಪಾತ್ರೆ ಉಜ್ತೀರೋ?" ಎಂದು ಚಂದ್ರಕ್ಕ ಅಡಿಗೆಮನೆಯಿಂದಲೇ ಕೂಗಿದರು.

ಯುಗಾದಿಗೆ ಮೂರು ದಿನ ಉಳಿಯಿತು. ಆಗ ಅವರಿಗೆ ಇಲಾಖೆಯ ಕೊನೆಯ ಅಸ್ತ್ರ ನೆನಪಾಯಿತು. ದುರಸ್ತಿಯಾಗದ ಸಾಮಾನನ್ನು ಏನು ಮಾಡುತ್ತಾರೆ? ಕಂಡಮ್ ಮಾಡುತ್ತಾರೆ, ಎಂದರೆ ನಿರುಪಯೋಗಿ ಎಂದು ಬರೆದು ಲೆಕ್ಕದಿಂದ ತೆಗೆಯುತ್ತಾರೆ. ಹಾಳೆ ತೆಗೆದು ಬರೆದರು: "ಸದರಿ ಕೂದಲು ದುರಸ್ತಿಗೆ ಯೋಗ್ಯವಲ್ಲವಾದ್ದರಿಂದ ಪೂರ್ಣ ವಿಲೇವಾರಿಗೆ ಆದೇಶಿಸಿದೆ." ಸಹಿ ಹಾಕಿದಾಗ ಎಷ್ಟೋ ದಿನದ ಮೇಲೆ ಅವರ ಮುಖ ಅರಳಿತು.

ಬೇಸಿಗೆ ಹೊತ್ತಿಗೆ ಧರ್ಮಪುರದ ಕಡೆಯಿಂದ ಕುರಿಯ ಉಣ್ಣೆ ಕತ್ತರಿಸುವವರು ಊರೂರು ತಿರುಗುತ್ತಾರೆ. ಅವರಲ್ಲಿ ಎತ್ತಪ್ಪ ಎಂಬವನನ್ನು ಹಿಡಿದು ತಂದರು. ಅವನು ಉದ್ದ ಕತ್ತರಿ ಕೆಳಗಿಟ್ಟು ನಾಯಿಯನ್ನು ನೋಡಿದ, ನಾಯಿಯ ಯಜಮಾನರನ್ನು ನೋಡಿದ.

"ಸ್ವಾಮಿ, ಕುರಿ ಆದ್ರೆ ಉಣ್ಣೆ ತಿರ್ಗಾ ಬರ್ತೈತೆ. ನಾಯಿದು ನಂಗೊತ್ತಿಲ್ಲ. ನಾನು ಯಾವತ್ತೂ ನಾಯಿ ಕತ್ರಿಸಿಲ್ಲ."

"ಆರ್ಡರ್ ಐತಪ್ಪ, ಕತ್ರಿಸು."

ಎತ್ತಪ್ಪ ಕುರಿಗೆ ಕಟ್ಟುವ ಹಾಗೇ ನಾಲ್ಕೂ ಕಾಲು ಸೇರಿಸಿ ಕಟ್ಟಿ ಮಲಗಿಸಿದ. ಜಮೇದಾರ ಕಚ್ಚಲಿಲ್ಲ, ಬೊಗಳಲಿಲ್ಲ. ಕತ್ತರಿ ಆಡುವಷ್ಟು ಹೊತ್ತೂ ಚಿಕ್ಕತಿಮ್ಮಪ್ಪನವರ ಮುಖವನ್ನೇ ನೋಡುತ್ತಿದ್ದ. ಅವರು ಒಮ್ಮೆ ಹಾಳೆ ನೋಡಿದರು, ಒಮ್ಮೆ ಆಕಾಶ ನೋಡಿದರು, ನಾಯಿಯ ಕಡೆಗೆ ಮಾತ್ರ ನೋಡಲಿಲ್ಲ. ಅರ್ಧ ಗಂಟೆಗೆ ಅಂಗಳದಲ್ಲಿ ಬಿಳಿ ಗುಡ್ಡೆಯೊಂದು ಬಿದ್ದಿತ್ತು; ಅದರ ಪಕ್ಕ ಸಿಪ್ಪೆ ಸುಲಿದ ಕಡಲೆಬೀಜದಂಥದ್ದೊಂದು ನಡುಗುತ್ತ ಮಲಗಿತ್ತು. ಕಟ್ಟು ಬಿಚ್ಚಿದ್ದೇ ಅದು ನೇರ ಹೋಗಿ ಮಂಚದ ಕೆಳಗೆ ಸೇರಿಕೊಂಡಿತು.

ಯುಗಾದಿ ಬಂತು, ಹೋಯಿತು. ಮನೆ ಫಳಫಳ. ಮುದ್ದೆಯಲ್ಲಿ ಮುದ್ದೆ ಮಾತ್ರ. ಮಾರನೇ ದಿನ ಹರಿಯಬ್ಬೆಯ ಭಾವಮೈದುನ ಬಂದು, ಮಂಚದ ಕೆಳಗೆ ಬಗ್ಗಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಏನ್ ಭಾವ ಇದು! ಇದನ್ನ ತೋಟಕ್ಕೆ ಕಟ್ಟಿದ್ರೆ ಕಳ್ಳರು ಕದಿಯೋದು ಬಿಟ್ಟು ಕುಂತು ನಗ್ತಾರೆ. ನಂಗೆ ಬ್ಯಾಡಪ್ಪ, ನೀವೇ ಇಟ್ಕಳ್ರಿ."

ಗೆದ್ದಂತಾಯಿತಲ್ಲ! ಕೂದಲು ನಿಂತಿತು, ನಾಯಿ ಉಳಿಯಿತು. ಚಿಕ್ಕತಿಮ್ಮಪ್ಪನವರು ಆ ಸಂಜೆ ಎರಡು ಸುತ್ತು ಹೆಚ್ಚಿಗೆ ವಾಕಿಂಗ್ ಮಾಡಿ, ಗೇಟಿನ ಬಳಿ ನಿಂತು ಠೀವಿಯಿಂದ ಕೆಮ್ಮಿದರು. ಯಾರೂ ಏಳಲಿಲ್ಲ. ಇನ್ನೊಮ್ಮೆ, ಜೋರಾಗಿ ಕೆಮ್ಮಿದರು. ಒಳಗೆ ಹೋಗಿ ನೋಡಿದರೆ ಜಮೇದಾರ ಮಂಚದ ಕೆಳಗೆ ಎಚ್ಚರವಾಗಿಯೇ ಮಲಗಿದ್ದ. ಅವರನ್ನು ಕಂಡು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡ.

ಮಾರನೇ ದಿನವೂ ಅಷ್ಟೇ, ಆ ವಾರವೂ ಅಷ್ಟೇ. ಚಿಕ್ಕತಿಮ್ಮಪ್ಪನವರಿಗೆ ಅನ್ನ ಸೇರದಾಯಿತು. ಆಫೀಸಿನಲ್ಲಿ ಮೂವತ್ತು ಜನ ಏಳದೆ ಹೋದಾಗ ಆಗಿದ್ದು ಸಿಟ್ಟು; ಇದೊಂದು ಏಳದೆ ಹೋದದ್ದು ನೋವು. ಚಂದ್ರಕ್ಕನಿಗೂ ಒಳಗೊಳಗೆ ಕಸಿವಿಸಿ. "ಬಾರಪ್ಪ, ಬಾ" ಎಂದು ಮುದ್ದೆಯ ತುಣುಕು ತೋರಿಸಿ ಕರೆದರೂ ಜಮೇದಾರ ಬಿಸಿಲಿಗೆ ಬರಲೊಲ್ಲ. ಬಂದರೆ ಬೋಳು ಬೆನ್ನು ಚುರ್ರೆನ್ನುತ್ತಿತ್ತು.

ಕೊನೆಗೆ ಚಿಕ್ಕತಿಮ್ಮಪ್ಪನವರು ಲಾಲ್ ಸಾಬರ ಅಂಗಡಿಗೆ ಹೋಗಿ ಅರಳೆಯ ಮೂಟೆಯ ಮೇಲೆ ಕುಸಿದರು.

"ಕತ್ತರಿ ಹಾಕಬಾರ್ದು ಅಂತ ನೀವ್ಯಾಕೆ ಹೇಳಲಿಲ್ಲ ಸಾಬ್ರೆ?"

"ಕತ್ತರಿ ಹಾಕ್ತೀರಿ ಅಂತ ನಂಗೇನು ಕನಸು ಬಿದ್ದಿತ್ತಾ? ಆ ಕೂದ್ಲೇ ಅದಕ್ಕೆ ನೆರಳು, ಅದೇ ಕಂಬಳಿ. ಹಾಸಿಗೆ ಧೂಳಾಗೇತೆ ಅಂತ ಯಾರಾದ್ರೂ ಹಾಸಿಗೆ ಹರೀತಾರೇನ್ರಿ? ಬರ್ತೈತೆ, ನಿಧಾನಕ್ಕೆ ಬರ್ತೈತೆ. ಅಲ್ಲೀಗಂಟ ಬಿಸಿಲಿಗೆ ಬಿಡಬ್ಯಾಡ್ರಿ."

ಬೈದದ್ದು ಮುಗಿದ ಮೇಲೆ ಲಾಲ್ ಸಾಬರೇ, ಚಿಕ್ಕತಿಮ್ಮಪ್ಪನವರ ಆಫೀಸಿನ ಹಳೇ ಬಿಳಿ ಶರ್ಟೊಂದನ್ನು ತರಿಸಿಕೊಂಡು ಕತ್ತರಿಸಿ ನಾಯಿಗೆ ಅಂಗಿ ಹೊಲಿದುಕೊಟ್ಟರು. ಜೇಬು ಹಾಗೇ ಉಳಿದಿತ್ತು. ಜಮೇದಾರ ಅದನ್ನು ತೊಟ್ಟು ಬೆಳಗ್ಗೆ ಅಂಗಳಕ್ಕೆ ಬಂದರೆ, ಬೀದಿಯ ಜನ "ಸ್ಟೋರ್ ಸಾಹೇಬ್ರು ಹೊರಗೆ ಬಂದ್ರು" ಎಂದು ನಗುತ್ತಿದ್ದರು.

ಮುಂದಿನ ವಾರ ಅವರು ಚಿತ್ರದುರ್ಗಕ್ಕೆ ಹೋಗಿ, ಅದೇ ಅಂಗಡಿಯ ಮೂಲೆಯಲ್ಲಿ ನೇತುಹಾಕಿದ್ದ ಉದ್ದ ಮೊಂಡುಹಲ್ಲಿನ ಬಾಚಣಿಗೆಯನ್ನು ಕೇಳಿದರು. ಮೊದಲು ತಮ್ಮ ಮುಂಗೈ ಮೇಲೆ ಎಳೆದು ನೋಡಿದರು. ಗೀರು ಬೀಳಲಿಲ್ಲ. "ಕಟ್ಟಿಕೊಡು" ಎಂದರು. ಬೇರೆ ಅಂಗಡಿ ನೋಡಲಿಲ್ಲ, ಹಾಳೆ ತೆಗೆಯಲಿಲ್ಲ. ಬಸ್ಸಿನಲ್ಲಿ ಬರುವಾಗ ಏನೋ ಕದ್ದು ತಂದವರ ಹಾಗೆ ಆ ಬಾಚಣಿಗೆಯನ್ನು ಅಂಗಿಯೊಳಗೆ ಇಟ್ಟುಕೊಂಡಿದ್ದರು.

ಬಾಚಣಿಗೆ ಬಂತು, ಬಾಚಲು ಏನೂ ಇರಲಿಲ್ಲ. ಬೇಸಿಗೆ ಮುಗಿಯಿತು, ಮಳೆಗಾಲ ಮುಗಿಯುತ್ತ ಬಂತು. ಕೂದಲು ಅಲ್ಲೊಂದು ತೇಪೆ ಇಲ್ಲೊಂದು ತೇಪೆ ಮೂಡಿತು, ಆಮೇಲೆ ತೇಪೆಗಳು ಒಂದಕ್ಕೊಂದು ಸೇರಿದವು. ಅಂಗಿ ಬಿಗಿಯಾಯಿತೆಂದು ಚಂದ್ರಕ್ಕ ಬಿಚ್ಚಿ ಇಟ್ಟರು. ಚಿಕ್ಕತಿಮ್ಮಪ್ಪನವರು ದಿನಾ ಸಂಜೆ ಗೇಟಿನ ಬಳಿ ಕೆಮ್ಮುತ್ತಲೇ ಇದ್ದರು. ಜಮೇದಾರ ಈಗ ಜಗಲಿಯ ಮೇಲೆ ಮಲಗುತ್ತಿದ್ದ, ಕಿವಿ ಅಲ್ಲಾಡಿಸುತ್ತಿದ್ದ, ಏಳುತ್ತಿರಲಿಲ್ಲ.

ನವರಾತ್ರಿಯ ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದರು. ಚಂದ್ರಕ್ಕ ಮುದ್ದೆ ಮುರಿದವರು ತಟಕ್ಕನೆ ನಿಲ್ಲಿಸಿ, ಒಳಗಿನಿಂದ ಬೆಳ್ಳನೆಯ ಒಂದು ಎಳೆಯನ್ನು ನಿಧಾನಕ್ಕೆ ಎಳೆದರು. ಬೆಳಕಿಗೆ ಹಿಡಿದು ನೋಡಿದರು.

"ಬಂತು ಕಣ್ರಿ!" ಎಂದು ಕೂಗಿದರು. "ಉದುರಾಕೆ ಶುರುವಾತು! ಏಳ್ರಿ, ಬಾಚಣಿಗೆ ತಗಳ್ರಿ!"

ಚಿಕ್ಕತಿಮ್ಮಪ್ಪನವರು ಅರ್ಧ ಊಟಕ್ಕೆ ಎದ್ದು, ಕೈ ತೊಳೆದು, ಬಾಚಣಿಗೆ ಹಿಡಿದು ಜಗಲಿಗೆ ಬಂದರು. ಬಾಗಿಲಲ್ಲಿ ಕೆಮ್ಮು ಬಂತು. ಬೇಕೆಂದು ಕೆಮ್ಮಿದ್ದಲ್ಲ. ಜಮೇದಾರ ತಲೆ ಎತ್ತಿ ಬಾಚಣಿಗೆಯನ್ನು ನೋಡಿದ, ಅವರನ್ನು ನೋಡಿದ. ಅವರು ಕುರ್ಚಿಯನ್ನು ಪಕ್ಕಕ್ಕೆ ತಳ್ಳಿ, ಇಸ್ತ್ರಿ ಮಾಡಿದ ಪಂಚೆಯಲ್ಲೇ ನೆಲಕ್ಕೆ ಕೂತು, ಮೊದಲು ತಮ್ಮ ಮುಂಗೈಗೆ ಬಾಚಣಿಗೆ ಎಳೆದು ತೋರಿಸಿದರು. ಆಮೇಲೆ ಬೆನ್ನ ಕೂದಲನ್ನು ಬೆರಳಲ್ಲಿ ಬಿಡಿಸಿ, ಬುಡದಿಂದ, ಮೆಲ್ಲಗೆ ಒಂದು ಎಳೆತ ಎಳೆದರು. ಮೆತ್ತನೆಯ ಬಿಳಿ ಅರಳೆ ಹಲ್ಲಿನ ತುಂಬ ಬಂತು.

ಜಮೇದಾರ ಎದ್ದು ನಿಂತ. ಇನ್ನೊಂದು ಪಕ್ಕವನ್ನು ಅವರ ಕಡೆಗೆ ತಿರುಗಿಸಿಕೊಟ್ಟು ಹಾಗೇ ನಿಂತಿದ್ದ. ಸ್ಟೋರ್ ಕೀಪರ್ ಚಿಕ್ಕತಿಮ್ಮಪ್ಪನವರು ಅವನ ಕಾಲ ಬುಡದಲ್ಲಿ ಕೂತು, ಮೈತುಂಬ ಕೂದಲು ಮೆತ್ತಿಕೊಂಡು, ಬಾಚುತ್ತಲೇ ಇದ್ದರು.